ಥಾಣೆಯ ಕನ್ನಡಿಗ ಯಾರ ಪ್ರಜೆ?

ಪ್ರತಿ ವರ್ಷ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ಥಾಣೆ, ಕಲ್ಯಾಣದಲ್ಲಿ ಸರ್ಕಾರಿ ಪ್ರಮಾಣಪತ್ರ ಕೊಡುವ ಸೇತು ಕೇಂದ್ರಗಳಲ್ಲಿ ಒಂದು ಕಾಗದಕ್ಕಾಗಿ ಓಡಾಟ ಶುರುವಾಗುತ್ತದೆ. ‘ವಯ, ರಾಷ್ಟ್ರೀಯತ್ವ ಆಣಿ ಅಧಿವಾಸ’ ಪ್ರಮಾಣಪತ್ರ ಎಂದು ಅದರ ಹೆಸರು. ವಿದ್ಯಾರ್ಥಿಯ ವಯಸ್ಸೆಷ್ಟು, ಅವನು ಭಾರತೀಯನೇ, ಮಹಾರಾಷ್ಟ್ರದ ಕಾಯಂ ನಿವಾಸಿಯೇ ಎಂಬ ಮೂರು ಪ್ರಶ್ನೆಗಳಿಗೆ ಒಂದೇ ಹಾಳೆಯಲ್ಲಿ ಉತ್ತರ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಕನ್ನಡ ಮನೆಯ ಹುಡುಗಿಗೂ, ಅಪ್ಪನಿಗೆ ತುರ್ಭೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಐದು ವರ್ಷದ ಹಿಂದೆ ವಿಜಯಪುರದಿಂದ ಬಂದ ಹುಡುಗನಿಗೂ ಎರಡನೆಯ ಪ್ರಶ್ನೆಯ ಉತ್ತರ ಒಂದೇ: ಭಾರತೀಯ. ಮೂರನೆಯ ಪ್ರಶ್ನೆಗೆ ಬಂದಾಗ ಇಬ್ಬರ ದಾರಿ ಬೇರೆಯಾಗುತ್ತದೆ.

ಆ ಹಾಳೆಯಲ್ಲಿ ಎರಡು ಹಳೆಯ ವಿಚಾರಗಳು ಒಂದರ ಪಕ್ಕ ಒಂದು ಕುಳಿತಿವೆ. ಮೊದಲನೆಯದು ಹುಟ್ಟಿನಿಂದಲೇ ಬರುವ ಪೌರತ್ವ. ಅದು ದೇಶದ ಉದ್ದಗಲಕ್ಕೂ ಒಂದೇ, ಯಾರ ಕೃಪೆಯನ್ನೂ ಬೇಡುವುದಿಲ್ಲ. ಎರಡನೆಯದು ‘ನೇಟಿವ್’ ಪ್ರಜೆಯ ಕಲ್ಪನೆ. ನೀನು ಯಾವ ನೆಲದವನು, ನಿನ್ನ ತಂದೆ ಎಲ್ಲಿದ್ದ, ನೀನು ಇಲ್ಲಿ ಉಳಿಯಲು ಬಂದವನೋ ಹೋಗಲು ಬಂದವನೋ ಎಂದು ಆಳುವವರು ಕೇಳುತ್ತಿದ್ದ ಕಾಲದ್ದು ಅದು. 1950ರಲ್ಲಿ ಮೊದಲನೆಯದು ಗೆದ್ದಿತೆಂದು ನಾವು ನಂಬಿದೆವು. ಆದರೆ ಎರಡನೆಯದು ಹೆಸರು ಬದಲಿಸಿಕೊಂಡು ರಾಜ್ಯಗಳ ಒಳಗೆ ಉಳಿದುಬಿಟ್ಟಿದೆ. ಥಾಣೆ ಜಿಲ್ಲೆಯ ಕನ್ನಡಿಗರು ತಮ್ಮ ಹಕ್ಕನ್ನು ಪೌರತ್ವದ ಮೇಲೆ ಮಾತ್ರ ಕಟ್ಟಬೇಕು, ಹಾಗೆ ಕಟ್ಟಿದ ಮೇಲೆ ಬೆಂಗಳೂರಿನಲ್ಲಿರುವ ಹೊರಗಿನವರಿಗೂ ಅದನ್ನೇ ಒಪ್ಪಬೇಕು ಎಂಬುದು ನನ್ನ ವಾದ.

ಮೊದಲು ಈ ಎರಡು ವಿಚಾರಗಳ ಹುಟ್ಟನ್ನು ನೋಡೋಣ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. ಆಮೇಲೆ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮಗುವೊಂದಕ್ಕೆ ಇಂಗ್ಲೆಂಡಿನಲ್ಲಿ ಜಮೀನು ಹೊಂದುವ ಹಕ್ಕುಂಟೇ ಎಂಬ ತಕರಾರು 1608ರಲ್ಲಿ ತೀರ್ಮಾನವಾಯಿತು. ಇತಿಹಾಸ ಅದನ್ನು ಕ್ಯಾಲ್ವಿನ್ ಪ್ರಕರಣ ಎಂದು ಕರೆಯುತ್ತದೆ. ದೊರೆಯ ರಕ್ಷಣೆ ಇರುವ ನೆಲದಲ್ಲಿ ಹುಟ್ಟಿದವನು ಹುಟ್ಟುತ್ತಲೇ ದೊರೆಗೆ ನಿಷ್ಠೆಯ ಋಣ ಹೊತ್ತವನು, ಆದ್ದರಿಂದ ಅವನು ಹುಟ್ಟು ಪ್ರಜೆ ಎಂಬುದು ನ್ಯಾಯಾಧೀಶ ಎಡ್ವರ್ಡ್ ಕೋಕ್ ಬರೆದಿಟ್ಟ ತರ್ಕ. ರಕ್ತವನ್ನು ಕೇಳದೆ ನೆಲವನ್ನು ಮಾತ್ರ ಕೇಳಿದ ಈ ತರ್ಕ ಉದಾರವೆಂದು ತೋರುತ್ತದೆ. ಆದರೆ ಅಲ್ಲಿದ್ದ ಸಂಬಂಧ ದೊರೆಗೂ ಪ್ರಜೆಗೂ ನಡುವಿನದು. ಒಬ್ಬ ಪ್ರಜೆ ಇನ್ನೊಬ್ಬ ಪ್ರಜೆಗೆ ಸಮಾನನಾಗಿರಬೇಕೆಂಬ ಮಾತು ಅದರಲ್ಲಿ ಇರಲಿಲ್ಲ.

ಅಮೆರಿಕ ದೊರೆಯನ್ನು ತೆಗೆದುಹಾಕಿ ಹುಟ್ಟನ್ನು ಉಳಿಸಿಕೊಂಡಿತು. 1787ರ ಅಲ್ಲಿನ ಸಂವಿಧಾನ ಅಧ್ಯಕ್ಷನಾಗುವವನು ಹುಟ್ಟು ನಾಗರಿಕನಾಗಿರಬೇಕೆಂದು ಹೇಳಿತು. ಆದರೆ ನೆಲದ ಮಗನಾಗುವುದೂ ನಾಗರಿಕನಾಗುವುದೂ ಒಂದೇ ಅಲ್ಲವೆಂಬುದು ಅಲ್ಲಿಯೇ ಕಣ್ಣಿಗೆ ರಾಚುವಂತೆ ಬಯಲಾಯಿತು. ತಲೆಮಾರುಗಳಿಂದ ಆ ನೆಲದಲ್ಲೇ ಇದ್ದ ಬುಡಕಟ್ಟಿಗೆ ಸೇರಿದ ಜಾನ್ ಎಲ್ಕ್ ನಾಗರಿಕನಲ್ಲವೆಂದು 1884ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಚೀನೀ ದಂಪತಿಗೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ನಾಗರಿಕನೆಂದು ಅದೇ ಕೋರ್ಟ್ 1898ರಲ್ಲಿ ತೀರ್ಪಿತ್ತಿತು. ಮೂಲನಿವಾಸಿಗಳೆಲ್ಲರಿಗೆ ಪೌರತ್ವ ಸಿಕ್ಕಿದ್ದು 1924ರಲ್ಲಿ.

ನಮ್ಮಲ್ಲಿ ಈ ಎರಡು ಹೆಸರುಗಳು ಒಂದೇ ವಾಕ್ಯದಲ್ಲಿ ಎದುರುಬದುರಾದದ್ದು ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಕಾಯಿದೆಯಲ್ಲಿ. ಕಂಪನಿಯ ಸೀಮೆಯ ಯಾವ ನೇಟಿವನಿಗೂ, ಇಲ್ಲಿ ನೆಲೆಸಿದ ದೊರೆಯ ಯಾವ ಹುಟ್ಟು ಪ್ರಜೆಗೂ ಧರ್ಮ, ಹುಟ್ಟಿದ ಸ್ಥಳ, ವಂಶ, ಬಣ್ಣ ಇವುಗಳ ಕಾರಣಕ್ಕೆ ಮಾತ್ರ ಹುದ್ದೆ ತಪ್ಪಬಾರದು ಎಂದಿತು ಅದರ 87ನೆಯ ಕಲಮು. ಸಮಾನತೆಯ ಭರವಸೆ ಕೊಡುವ ವಾಕ್ಯವೇ ಜನರನ್ನು ಎರಡು ಗುಂಪಾಗಿ ಹೆಸರಿಸಿತ್ತು. 1870ರ ಕಾಯಿದೆ ನೇಟಿವ್ ಯಾರೆಂದು ವಿವರಿಸಿತು: ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿ ಅಲ್ಲೇ ನೆಲೆಸಿದವನು. ಅವನ ತಂದೆತಾಯಿ ಕೂಡ ಇಲ್ಲಿ ರೂಢಿಯಾಗಿ ವಾಸವಿದ್ದವರು ಆಗಿರಬೇಕು, ತಾತ್ಕಾಲಿಕ ಕೆಲಸಕ್ಕೆ ಬಂದವರಾಗಿರಬಾರದು. ಹುಟ್ಟು, ವಾಸ, ತಂದೆತಾಯಿ, ಉಳಿಯುವ ಇರಾದೆ ಎಂಬ ಈ ನಾಲ್ಕು ಅಳತೆಗಳು ಇಂದಿನ ಅಧಿವಾಸದ ಅರ್ಜಿ ತುಂಬಿದವರಿಗೆ ಹೊಸವೇನಲ್ಲ. 1883ರಲ್ಲಿ ನೇಟಿವ್ ನ್ಯಾಯಾಧೀಶರು ಯುರೋಪಿಯನ್ ಪ್ರಜೆಗಳ ವಿಚಾರಣೆ ನಡೆಸಬಹುದೆಂಬ ಇಲ್ಬರ್ಟ್ ಮಸೂದೆ ಬಂದಾಗ ಎದ್ದ ರಂಪ, ಒಂದೇ ರಾಣಿಯ ಪ್ರಜೆಗಳಾಗಿದ್ದರೂ ಎಲ್ಲರೂ ಒಂದಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಸಾರಿತು.

ಕನ್ನಡಿಗರ ಪಾಲಿಗೆ ಈ ಚರಿತ್ರೆ ಇನ್ನಷ್ಟು ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರದವರು ಮುಂಬಯಿ ಪ್ರೆಸಿಡೆನ್ಸಿಯವರು. ಥಾಣೆ ಅವರಿಗೆ ತಮ್ಮದೇ ಪ್ರಾಂತದ ಇನ್ನೊಂದು ಜಿಲ್ಲೆ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹೋಟೆಲಿನ ಕೆಲಸ ಅರಸಿ ಉಡುಪಿ ಕಡೆಯಿಂದ ಬಂದ ಹುಡುಗ ಬ್ರಿಟಿಷ್ ಪ್ರಜೆಯೇ ಆದರೂ ಪರಪ್ರಾಂತದವನು. ಕಲಬುರಗಿ, ಬೀದರ, ರಾಯಚೂರಿನವನು ನಿಜಾಮನ ಪ್ರಜೆ. ಮೈಸೂರಿನವನು ಒಡೆಯರ ಪ್ರಜೆ. ಬ್ರಿಟಿಷ್ ಕಾನೂನಿನ ಕಣ್ಣಿನಲ್ಲಿ ಈ ಇಬ್ಬರೂ ಬ್ರಿಟಿಷ್ ಪ್ರಜೆಗಳೇ ಅಲ್ಲ, ಬರಿಯ ‘ಸಂರಕ್ಷಿತ ವ್ಯಕ್ತಿ’ಗಳು. ಒಂದೇ ಭಾಷೆ ಆಡುವವರು ಥಾಣೆಯ ಒಂದೇ ಗಲ್ಲಿಯಲ್ಲಿ ಬಾಡಿಗೆಗಿದ್ದರೂ ಅವರ ಕಾನೂನಿನ ಗುರುತು ಬೇರೆ ಬೇರೆಯಾಗಿತ್ತು.

1950ರ ಜನವರಿ 26 ಈ ಗುರುತುಗಳನ್ನೆಲ್ಲ ಅಳಿಸಿ ಒಂದೇ ಹೆಸರು ಬರೆಯಿತು. ಪೌರತ್ವವನ್ನು ಹೇಳುವ ಸಂವಿಧಾನದ 5ನೆಯ ವಿಧಿ ಭಾರತದ ನೆಲದಲ್ಲಿ ಅಧಿವಾಸ ಎನ್ನುತ್ತದೆ, ಮುಂಬಯಿ ಅಥವಾ ಮೈಸೂರಿನ ಅಧಿವಾಸ ಎನ್ನುವುದಿಲ್ಲ. ಸಂವಿಧಾನ ಸಭೆಯಲ್ಲಿ ಪೌರತ್ವದ ಚರ್ಚೆ ಮೊದಲು ಬಂದಾಗ, 1947ರ ಏಪ್ರಿಲ್‌ನಲ್ಲಿ, ಹುಟ್ಟಿನ ಆಧಾರ ತೀರಾ ಸಡಿಲವಾಯಿತೆಂದು ಕೆಲವು ಸದಸ್ಯರು ಆತಂಕಪಟ್ಟರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಭಾರತೀಯರಿಗೆ ಅಲ್ಲಿನ ರಾಷ್ಟ್ರೀಯತೆ ಕೊಡಿರೆಂದು ಕೇಳುತ್ತಿರುವ ನಾವು ನಮ್ಮ ಮನೆಯಲ್ಲಿ ಸಂಕುಚಿತರಾಗುವುದು ತರವಲ್ಲ ಎಂಬುದು ಸರ್ದಾರ್ ಪಟೇಲರು ಕೊಟ್ಟ ಉತ್ತರದ ಸಾರ. ಹೊರಗೆ ಕೇಳಿದ್ದನ್ನು ಒಳಗೆ ಕೊಡಬೇಕೆಂಬ ಆ ನ್ಯಾಯವೇ ಈ ಲೇಖನಕ್ಕೂ ಆಧಾರ.

ಹಾಗೆಂದು ಸಂವಿಧಾನ ಕರ್ತರು ಸ್ಥಳೀಯರ ಅಳುಕನ್ನು ತಳ್ಳಿಹಾಕಲಿಲ್ಲ. 1833ರ ಕಲಮಿನ ಧರ್ಮ, ವಂಶ, ಹುಟ್ಟಿದ ಸ್ಥಳ ಎಂಬ ಪದಗಳು 1935ರ ಕಾಯಿದೆಯನ್ನು ದಾಟಿ ನಮ್ಮ 16ನೆಯ ವಿಧಿಗೆ ಬಂದವು. ಅವುಗಳ ಜೊತೆಗೆ ಜನಾಂಗ, ಜಾತಿ, ಲಿಂಗ ಮತ್ತು ವಾಸಸ್ಥಳವೂ ಸೇರಿದವು. ಇವುಗಳಿಂದಾಗಿ ಯಾರಿಗೂ ಸರ್ಕಾರಿ ನೌಕರಿ ತಪ್ಪಬಾರದು. ಆದರೆ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹಾರಾಡುತ್ತ ಎಲ್ಲಿಯೂ ಬೇರು ಬಿಡದವರಿಗೆ ಹುದ್ದೆ ಹೋಗಬಾರದೆಂಬ ಕಾಳಜಿಗೂ ಬೆಲೆಯಿದೆಯೆಂದು ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಒಪ್ಪಿದರು. ಅದಕ್ಕೆಂದೇ ವಾಸದ ಷರತ್ತು ವಿಧಿಸುವ ಅಧಿಕಾರವನ್ನು ಉಳಿಸಿದರು, ಮತ್ತು ಅದನ್ನು ಸಂಸತ್ತಿಗೆ ಮಾತ್ರ ಕೊಟ್ಟರು. ಒಂದೊಂದು ರಾಜ್ಯ ತನಗೆ ಬೇಕಾದಂತೆ ಗಡಿ ಹಾಕಿಕೊಳ್ಳದಿರಲಿ ಎಂಬುದು ಅದರ ಹಿಂದಿನ ವಿವೇಕ.

ಈ ವಿವೇಕಕ್ಕೆ ದೊಡ್ಡ ಪರೀಕ್ಷೆ ಒದಗಿದ್ದು ಭಾಷಾವಾರು ರಾಜ್ಯಗಳು ರೂಪುಗೊಂಡ 1956ರ ನವೆಂಬರ್ 1ರಂದು. ಹಿಂದಿನ ದಿನದವರೆಗೆ ಮುಂಬಯಿ ರಾಜ್ಯದವನೇ ಆಗಿದ್ದ ಧಾರವಾಡದವನು, ಥಾಣೆಯ ತನ್ನ ಬಿಡಾರದಿಂದ ಒಂದು ಹೆಜ್ಜೆ ಕದಲದೆ ಹೊರರಾಜ್ಯದವನಾದ. ಗಡಿ ಚಲಿಸಿತು, ಮನುಷ್ಯ ಇದ್ದಲ್ಲೇ ಇದ್ದ. ಏಕೀಕರಣ ನಮಗೆ ಹೆಮ್ಮೆಯ ದಿನ, ನಿಜ. ಆದರೆ ಆ ಗಡಿಗಳು ಆಡಳಿತಕ್ಕಾಗಿ, ಭಾಷೆಯ ಏಳಿಗೆಗಾಗಿ ಹಾಕಿದವು. ಪೌರತ್ವವನ್ನು ತುಂಡು ಮಾಡಲು ಹಾಕಿದವಲ್ಲ.

ಹತ್ತು ವರ್ಷ ಕಳೆಯುವುದರೊಳಗೆ ಆ ಗಡಿಗಳು ಮನಸ್ಸಿಗೆ ಇಳಿದವು. ‘ಮಾರ್ಮಿಕ್’ ವಾರಪತ್ರಿಕೆ ಮುಂಬಯಿಯ ಕಚೇರಿಗಳಲ್ಲಿದ್ದ ದಕ್ಷಿಣ ಭಾರತೀಯರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿತು. ಆ ಪ್ರಚಾರದ ಬೆನ್ನಲ್ಲೇ 1966ರಲ್ಲಿ ಶಿವಸೇನೆ ಹುಟ್ಟಿತು. 1967ರಲ್ಲಿ ಅದಕ್ಕೆ ಮೊದಲ ದೊಡ್ಡ ಚುನಾವಣಾ ಗೆಲುವು ತಂದುಕೊಟ್ಟದ್ದು ಥಾಣೆಯ ನಗರಸಭೆ. ಅದೇ 1967ರಲ್ಲಿ ದಕ್ಷಿಣ ಮುಂಬಯಿಯ ಮತದಾರರು ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರನ್ನು ಲೋಕಸಭೆಗೆ ಕಳಿಸಿದ್ದನ್ನೂ ಮರೆಯಬಾರದು. 2008ರ ಅಕ್ಟೋಬರ್‌ನಲ್ಲಿ ರೈಲ್ವೆ ನೇಮಕಾತಿ ಪರೀಕ್ಷೆ ಬರೆಯಲು ಕಲ್ಯಾಣ ಮೊದಲಾದ ಕಡೆ ಬಂದಿದ್ದ ಉತ್ತರ ಭಾರತದ ಹುಡುಗರನ್ನು ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಕಾರ್ಯಕರ್ತರು ಹೊಡೆದು ಓಡಿಸಿದರು. ಆ ಹೊತ್ತಿಗೆ ಗುರಿ ನಮ್ಮಿಂದ ಬೇರೆಯವರತ್ತ ತಿರುಗಿತ್ತು. ಅಂದು ನಮ್ಮಲ್ಲಿ ಎಷ್ಟು ಮಂದಿ ಬಾಯಿ ತೆರೆದೆವು? ತನ್ನ ಸರದಿ ಮುಗಿಯಿತೆಂದು ಸುಮ್ಮನಾಗುವವನು ಆ ಸರದಿಯ ನ್ಯಾಯವನ್ನೇ ಒಪ್ಪಿಕೊಂಡಂತೆ.

ಬೀದಿಯ ಗದ್ದಲ ಬೇಗ ಅಡಗುತ್ತದೆ, ಕಾಗದದ ನಿಯಮ ಉಳಿಯುತ್ತದೆ. ಆ ನಿಯಮಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಖ್ಯೆ 15. ನಿಜಾಮನ ಹೈದರಾಬಾದಿನಲ್ಲಿ 1919ರ ಮುಲ್ಕಿ ನಿಯಮದಂತೆ ಹೊರಗಿನವನು 15 ವರ್ಷ ಕಾಯಂ ನೆಲೆಸಿ, ಹಿಂದಿನ ಊರಿಗೆ ಮರಳುವ ಯೋಚನೆ ಬಿಟ್ಟೆನೆಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದರೆ ಮುಲ್ಕಿ, ಅಂದರೆ ಸ್ಥಳೀಯ, ಆಗುತ್ತಿದ್ದ. ಮಹಾರಾಷ್ಟ್ರದ ಅಧಿವಾಸಕ್ಕೆ ಇಂದಿಗೂ 15 ವರ್ಷದ ವಾಸವೇ ಅಳತೆ. ಕರ್ನಾಟಕದಲ್ಲಿ ಕನ್ನಡಿಗರ ಉದ್ಯೋಗದ ಕುರಿತ ಸರೋಜಿನಿ ಮಹಿಷಿ ವರದಿಯ ಪ್ರಕಾರ ಕನ್ನಡಿಗನೆನಿಸಿಕೊಳ್ಳಲು ಬೇಕಾದ ವಾಸವೂ 15 ವರ್ಷವೇ. ಅರಸೊತ್ತಿಗೆಯ ಸಂಸ್ಥಾನ ತನ್ನ ಪ್ರಜೆಯನ್ನು ಪರಕೀಯನಿಂದ ಬೇರ್ಪಡಿಸಲು ಇಟ್ಟ ಅಳತೆಯನ್ನು ಗಣರಾಜ್ಯದ ರಾಜ್ಯಗಳು ತಮ್ಮದೇ ದೇಶದ ನಾಗರಿಕನ ಮೇಲೆ ಇಡುತ್ತಿವೆ.

ನ್ಯಾಯಾಲಯಗಳು ಇದನ್ನು ಹಲವು ಸಲ ಎತ್ತಿ ತೋರಿಸಿವೆ. ವಾಸದ ಷರತ್ತುಗಳನ್ನು ತೆಗೆಯಲು ಸಂಸತ್ತು 1957ರಲ್ಲಿ ಕಾಯಿದೆ ಮಾಡಿತು. ಅದರಡಿ ತೆಲಂಗಾಣಕ್ಕೆ ಉಳಿಸಿದ್ದ ಮುಲ್ಕಿ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 1969ರಲ್ಲಿ ರದ್ದು ಮಾಡಿತು. ಭಾರತದಲ್ಲಿ ಅಧಿವಾಸ ಒಂದೇ, ಅದು ಭಾರತದ್ದು ಎಂದು 1984ರ ಪ್ರದೀಪ್ ಜೈನ್ ತೀರ್ಪು ಸ್ಪಷ್ಟಪಡಿಸಿತು. ಅದನ್ನೇ ಹಿಡಿದು 2025ರ ಜನವರಿಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸ ಆಧಾರಿತ ಮೀಸಲಾತಿ ಸಲ್ಲದೆಂದು ತೀರ್ಪಾಯಿತು. ಖಾಸಗಿ ನೌಕರಿಯಲ್ಲಿ ಸ್ಥಳೀಯರಿಗೆ ಶೇ. 75 ಮೀಸಲಿಟ್ಟ ಹರಿಯಾಣದ ಕಾಯಿದೆ 2023ರ ನವೆಂಬರ್‌ನಲ್ಲಿ ಹೈಕೋರ್ಟಿನಲ್ಲಿ ಬಿದ್ದಿತು. ಆಟೋರಿಕ್ಷಾ ಪರವಾನಗಿಗೆ ಮರಾಠಿ ಜ್ಞಾನ ಕಡ್ಡಾಯ ಮಾಡಿದ್ದ ಸುತ್ತೋಲೆಯನ್ನು ಬಾಂಬೆ ಹೈಕೋರ್ಟ್ 2017ರಲ್ಲಿ ರದ್ದುಪಡಿಸಿತು.

ಈ ತೀರ್ಪುಗಳೂ ಮುಟ್ಟದ ಒಂದು ಗಾಯವಿದೆ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಬೇಕಾದರೆ 1950ರ ಆಗಸ್ಟ್ 10ರಂದು ಕುಟುಂಬ ಎಲ್ಲಿತ್ತು ಎಂದು ತೋರಿಸಬೇಕು. ಪರಿಶಿಷ್ಟ ಪಂಗಡಕ್ಕೆ ಆ ದಿನ 1950ರ ಸೆಪ್ಟೆಂಬರ್ 6, ವಿಮುಕ್ತ ಮತ್ತು ಅಲೆಮಾರಿಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಆಂಧ್ರದಿಂದ ಬಂದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯೊಬ್ಬ ಮುಂಬಯಿಯ ವೈದ್ಯಕೀಯ ಕಾಲೇಜಿನ ಸೀಟಿಗಾಗಿ ಹೋದ ಪ್ರಕರಣದಲ್ಲಿ, ವಲಸೆ ಹೋದ ರಾಜ್ಯದಲ್ಲಿ ಈ ಮೀಸಲಾತಿ ಸಿಗದೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು. ಜಾತಿಯ ಹಿಂದುಳಿದಿರುವಿಕೆ ಆಯಾ ಪ್ರದೇಶಕ್ಕೆ ಸಂಬಂಧಿಸಿದ್ದು ಎಂಬುದು ಅದರ ಕಾರಣ. ಇದರಲ್ಲಿ ತರ್ಕವಿಲ್ಲವೆಂದು ನಾನು ಹೇಳಲಾರೆ, ಏಕೆಂದರೆ ಸ್ಥಳೀಯ ದಲಿತನ ಪಾಲನ್ನು ಕಾಯುವುದೂ ನ್ಯಾಯವೇ. ಆದರೆ ಕಲಬುರಗಿಯಿಂದ ಮಣ್ಣು ಹೊರಲು ಬಂದು ಥಾಣೆ ಜಿಲ್ಲೆಯ ಜೋಪಡಿಯಲ್ಲಿ ಮೂರು ತಲೆಮಾರು ಕಳೆದ ಕುಟುಂಬದ ಮಗುವಿಗೆ ಅವಮಾನ ಇಲ್ಲಿಯೂ ಅಂಟಿ ಬಂದಿರುವಾಗ, ಪರಿಹಾರ ಮಾತ್ರ ಅಜ್ಜನ ಊರಿನಲ್ಲೇ ಉಳಿಯುವುದು ಹೇಗೆ ಸರಿ? ಇಲ್ಲಿಯೇ ಹುಟ್ಟಿದ ಮೂರನೆಯ ತಲೆಮಾರಿಗಾದರೂ ಈ ಬಾಗಿಲು ತೆರೆಯುವ ಕಾನೂನು ಬೇಕು.

ಇನ್ನೊಂದು ಬದಿಯ ಮಾತನ್ನು ಅದರ ಪೂರ್ಣ ಬಲದೊಡನೆ ಕೇಳೋಣ. ನವಿ ಮುಂಬಯಿ ನಿಂತಿರುವುದು ಆಗ್ರಿ ಮತ್ತು ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಬಯಲುಗಳ ಮೇಲೆ. 1970ರಲ್ಲಿ ಸಿಡ್ಕೋ ಎಂಬ ಸರ್ಕಾರಿ ನಗರ ನಿರ್ಮಾಣ ಸಂಸ್ಥೆ ಸ್ಥಾಪನೆಯಾಯಿತು, 95 ಹಳ್ಳಿಗಳ ಭೂಮಿ ಹೊಸ ನಗರದ ಪಾಲಾಯಿತು. ದಿ.ಬಾ. ಪಾಟೀಲರ ನಾಯಕತ್ವದಲ್ಲಿ ರೈತರು ನ್ಯಾಯದ ಬೆಲೆ ಕೇಳಿದರು. 1984ರ ಜನವರಿಯಲ್ಲಿ ಉರಣ್ ತಾಲ್ಲೂಕಿನ ಜಾಸಯಿ ಹೋರಾಟದಲ್ಲಿ ಐವರು ಪೊಲೀಸರ ಗುಂಡಿಗೆ ಬಲಿಯಾದರು. ಆ ನೆತ್ತರಿನ ಫಲವಾಗಿ ಭೂಮಿ ಕೊಟ್ಟವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇ. 12.5 ಪಾಲು ಕೊಡುವ ಯೋಜನೆ ಬಂತು. ವಾಶಿ, ನೆರೂಳ್‌ಗಳ ಫ್ಲ್ಯಾಟುಗಳಲ್ಲಿ ಬಾಳುವ ಕನ್ನಡಿಗರು ಈ ಋಣವನ್ನು ತಿಳಿದಿರಬೇಕು. ಭೂಮಿಪುತ್ರ ಎಂಬ ಹೆಸರಿಗೆ ನಿಜವಾದ ಅರ್ಥವಿದ್ದರೆ ಅದು ಇಲ್ಲಿದೆ.

ಆದರೆ ಆ ಹೋರಾಟ ಕೇಳಿದ್ದೇನೆಂದು ಗಮನಿಸಿ. ಕಳೆದುಕೊಂಡ ಭೂಮಿಗೆ ಬೆಲೆ, ಅದರ ಮೇಲೆ ಎದ್ದ ನಗರದಲ್ಲಿ ಪಾಲು. ಪ್ರಶ್ನೆ ಇದ್ದದ್ದು ಭೂಮಿ ಕಿತ್ತುಕೊಂಡ ಪ್ರಭುತ್ವಕ್ಕೆ. ಒಡೆತನ ಹೋದವನಿಗೆ ಪರಿಹಾರ ಕೊಡುವುದು ಒಂದು ನ್ಯಾಯ. ಹುಟ್ಟಿನ ಹೆಸರಿನಲ್ಲಿ ನೆರೆಮನೆಯವನ ಪೌರತ್ವವನ್ನು ತಗ್ಗಿಸುವುದು ಬೇರೆಯದೇ ಕೆಲಸ, ಅದರಿಂದ ಒಬ್ಬ ಆಗ್ರಿ ರೈತನಿಗೂ ಒಂದು ಗುಂಟೆ ಮರಳಿ ಸಿಕ್ಕಿಲ್ಲ.

ನಮ್ಮವರು ಉತ್ತರವಾಗಿ ಕೊಡುವ ಒಂದು ವಾದವನ್ನೂ ಕೈಬಿಡಬೇಕು. ಥಾಣೆಯಿಂದ ಆಳಿದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಆ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆದ್ದರಿಂದ ಈ ನೆಲ ಮೊದಲು ನಮ್ಮದೇ ಎಂದು ಸಂಘದ ವೇದಿಕೆಗಳಲ್ಲಿ ಹೇಳುವುದುಂಟು. ಚರಿತ್ರೆಯಾಗಿ ಅದು ಸತ್ಯ, ಹಕ್ಕಿನ ಆಧಾರವಾಗಿ ಅಪಾಯಕಾರಿ. ಹಾಗೆ ವಾದಿಸಿದರೆ ಯಾರು ಮೊದಲು ಬಂದರೋ ಅವರೇ ಯಜಮಾನರು ಎಂಬ ನಿಯಮವನ್ನು ನಾವೇ ಒಪ್ಪಿದಂತಾಗುತ್ತದೆ. ನಾವು ಇಷ್ಟು ಹೋಟೆಲು ಕಟ್ಟಿದೆವು, ಇಷ್ಟು ಶಾಲೆ ತೆರೆದೆವು ಎಂಬ ಸೇವೆಯ ಲೆಕ್ಕವೂ ಸಾಲದು. ಆ ಲೆಕ್ಕದಲ್ಲಿ ಏನನ್ನೂ ಕಟ್ಟಲಾಗದ ಗಾರೆ ಕೆಲಸದವನಿಗೆ ಹಕ್ಕೇ ಇರುವುದಿಲ್ಲ. ನಾಗರಿಕ ತನ್ನ ಯೋಗ್ಯತೆಯನ್ನು ರುಜುವಾತು ಮಾಡಬೇಕಾಗಿಲ್ಲ.

ಮರಾಠಿ ಕಲಿಯುವ ವಿಷಯ ಬೇರೆ. ಡೊಂಬಿವಲಿಯಲ್ಲಿ ಬದುಕು ಕಟ್ಟಿಕೊಂಡವರು ಮರಾಠಿ ಕಲಿಯದಿರುವುದು ನೆರೆಹೊರೆಗೆ ತೋರುವ ಅಗೌರವ. ಇಲ್ಲಿನ ಕನ್ನಡಿಗರು ಬಹುಪಾಲು ಅದನ್ನು ಮನಸಾರೆ ಕಲಿತಿದ್ದಾರೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತಿರುವುದು ಸಂವಿಧಾನ ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕಿನ ನೆರಳಿನಲ್ಲಿ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, ಅಲ್ಪಸಂಖ್ಯಾತರು ಯಾರೆಂದು ರಾಜ್ಯವನ್ನು ಘಟಕವಾಗಿಟ್ಟು ನೋಡಬೇಕೆಂದಿತು. ಇಲ್ಲಿ ಕನ್ನಡಕ್ಕೆ ಸಿಗುವ ರಕ್ಷಣೆ ಬೆಳಗಾವಿಯಲ್ಲಿ ಮರಾಠಿಗೂ ಸಿಗಬೇಕು. ಭಾಷೆ ಕಲಿಯುವುದು ಕರ್ತವ್ಯ, ಆದರೆ ಕಲಿಯದವನ ಮೇಲೆ ಕೈಮಾಡುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ.

ಈಗ ಬೆಂಗಳೂರಿನತ್ತ ನೋಡೋಣ. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಕರ್ನಾಟಕದ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಟೀಕೆ ಬಂದೊಡನೆ ತಡೆಹಿಡಿಯಿತು. ಅದರ ಪ್ರಕಾರ ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿದವನು, 15 ವರ್ಷ ಅಲ್ಲಿ ನೆಲೆಸಿದವನು, ಕನ್ನಡ ಓದಿ ಬರೆದು ಮಾತಾಡಬಲ್ಲವನು. ಡೊಂಬಿವಲಿಯಲ್ಲಿ ಹುಟ್ಟಿ ಮನೆಯಲ್ಲೂ ಶಾಲೆಯಲ್ಲೂ ಕನ್ನಡ ಕಲಿತ ಹುಡುಗಿ ಬೆಂಗಳೂರಿಗೆ ಹೋಗಿ 30 ವರ್ಷ ಬಾಳಿದರೂ ಈ ವ್ಯಾಖ್ಯೆಗೆ ಹೊಂದುವುದಿಲ್ಲ, ಏಕೆಂದರೆ ಹುಟ್ಟಿದ ಊರನ್ನು ಯಾರೂ ತಿದ್ದಿಕೊಳ್ಳಲಾರರು. ಇಲ್ಲಿ ಪರಪ್ರಾಂತೀಯಳೆನಿಸಿಕೊಂಡವಳು ಅಲ್ಲಿಯೂ ಪರಕೀಯಳೇ. 1870ರ ಕಾಯಿದೆಯ ಅಳತೆಗಿಂತ ಇದು ಹೇಗೆ ಉತ್ತಮ?

ಕಲ್ಯಾಣ ಕರ್ನಾಟಕದ 371ಜೆ ವಿಧಿಯನ್ನು ನಾನು ಇದರೊಂದಿಗೆ ಸೇರಿಸುವುದಿಲ್ಲ. ನಿಜಾಮನ ಕಾಲದಿಂದ ಹಿಂದುಳಿದ ಜಿಲ್ಲೆಗಳಿಗಾಗಿ ಸಂಸತ್ತು ಚರ್ಚಿಸಿ 2012ರಲ್ಲಿ ಸಂವಿಧಾನ ತಿದ್ದಿ ಕೊಟ್ಟ ವಿಶೇಷ ಅವಕಾಶ ಅದು. ಕಾರಣ ಸ್ಪಷ್ಟ, ವ್ಯಾಪ್ತಿ ಸೀಮಿತ, ದಾರಿ ಕಾನೂನಿನದು. ಸ್ಥಳೀಯರ ಬೇಡಿಕೆ ನ್ಯಾಯವಾದಾಗ ಅದಕ್ಕೆ ಇಂಥ ಹಾದಿ ಇದ್ದೇ ಇದೆ.

ಈ ಪ್ರಶ್ನೆ ರಾಜ್ಯಗಳ ಒಳಗೇ ಮುಗಿಯುವುದಿಲ್ಲ. 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕಿತ್ತು. ಅಲ್ಲಿಂದ ಮುಂದೆ ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದೆಂಬುದೂ ಸೇರಿತು. ನೆಲದಿಂದ ವಂಶದ ಕಡೆಗೆ ಪೌರತ್ವ ಮೆಲ್ಲಗೆ ಸರಿಯುತ್ತಿದೆ. ಹಾಗಾದಾಗ ಬಡವನ ಗತಿ ಏನೆಂದು ನಮ್ಮ ಜಿಲ್ಲೆಯೇ ತೋರಿಸಿತು. 2025ರ ಜೂನ್‌ನಲ್ಲಿ ಮೀರಾ ರೋಡಿನ ಪರಿಸರದಲ್ಲಿ ಕೂಲಿಗಿದ್ದ ಪಶ್ಚಿಮ ಬಂಗಾಳದವರನ್ನು ಬಾಂಗ್ಲಾದೇಶೀಯರೆಂದು ಹಿಡಿದು ಗಡಿಯಾಚೆ ತಳ್ಳಿದ ಸುದ್ದಿ ಬಂತು. ಅವರು ಭಾರತೀಯರೆಂದು ದಾಖಲೆ ಒದಗಿಸಿದ ಮೇಲೆ ಮರಳಿ ಕರೆತರಬೇಕಾಯಿತು. ಅಮೆರಿಕದಲ್ಲಿ 2025ರ ಜನವರಿ 20ರಂದು, ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಹುಟ್ಟಿನ ಪೌರತ್ವ ನಿಲ್ಲಿಸುವ ಆದೇಶ ಹೊರಟಾಗ ಅಲ್ಲಿನ ಕನ್ನಡ ಮನೆಗಳಲ್ಲಿ ಎದ್ದ ಕಳವಳವನ್ನು ನಾವು ನಮ್ಮದೆಂದು ಅನುಭವಿಸಿದೆವು. ಮೀರಾ ರೋಡಿನ ಕೂಲಿಯ ಬಗ್ಗೆಯೂ ಅದೇ ಕಳವಳ ಏಳದಿದ್ದರೆ ನಮ್ಮ ನ್ಯಾಯ ಬರಿಯ ಸ್ವಾರ್ಥವಾಗುತ್ತದೆ.

ಥಾಣೆ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಸಂಘಗಳು ನವೆಂಬರ್ ಬಂದಾಗ ರಾಜ್ಯೋತ್ಸವ ಮಾಡುತ್ತವೆ, ಕರ್ನಾಟಕದಿಂದ ಅತಿಥಿಗಳನ್ನು ಕರೆಸುತ್ತವೆ. ಸಭಾಭವನಕ್ಕೆ ಅನುದಾನ ಕೇಳುವ ಆ ವೇದಿಕೆಗಳಿಂದ ಇನ್ನೊಂದು ಬೇಡಿಕೆಯೂ ಹೊರಡಲಿ. ಸ್ಥಳೀಯನ ವ್ಯಾಖ್ಯೆಯಿಂದ ಹುಟ್ಟಿದ ಊರನ್ನು ತೆಗೆಯಿರಿ. ವಾಸದ ಅವಧಿಯನ್ನು ಒಬ್ಬ ದುಡಿಯುವ ಮನುಷ್ಯನ ಆಯುಷ್ಯಕ್ಕೆ ತಕ್ಕಂತೆ ಇಳಿಸಿರಿ. ಬಂದವರಿಗೆ ಕನ್ನಡ ಕಲಿಸುವ ಹೊಣೆಯನ್ನು ಸರ್ಕಾರವೇ ಹೊರಲಿ. ಬೆಂಗಳೂರಿಗೆ ಈ ಮಾತು ಹೇಳುವ ನೈತಿಕ ಅಧಿಕಾರ, ಹೊರನಾಡಿನಲ್ಲಿ ಹೊರಗಿನವರೆನಿಸಿಕೊಂಡು ಬಾಳಿದವರಿಗೆ ಇರುವಷ್ಟು ಬೇರೆ ಯಾರಿಗೂ ಇಲ್ಲ. ಅದನ್ನು ಬೆಂಗಳೂರಿಗೆ ಹೇಳಿದ ದಿನ ಥಾಣೆಯಲ್ಲೂ ನಮ್ಮ ಮಾತಿಗೆ ಎರಡುಪಟ್ಟು ತೂಕ ಬರುತ್ತದೆ.